ಕರಗುವ ಗಣಪ, ಕರಗದ ಗಣಪ: ತಿಳವಳ್ಳಿ ಸೀಮೆಯ ಹಬ್ಬದ ಒಂದು ಶತಮಾನ

ಮಲೆನಾಡಿನ ಸೆರಗು ಬಯಲುಸೀಮೆಯ ಎರೆನೆಲವನ್ನು ತಾಗುವ ಹಾವೇರಿ ಜಿಲ್ಲೆಯಲ್ಲಿ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು ಮೊದಲಿನಿಂದಲೂ ಕೆರೆಗಳ ಸೀಮೆ. ಹಿರೇಕೆರೂರಿನ ಹೆಸರಿನಲ್ಲೇ ಕೆರೆಯಿದೆ. ಹಾನಗಲ್ಲಿನ ಆನೆಕೆರೆ, ಸವಣೂರಿನ ಮೋತಿ ತಲಾಬ, ಮಾಸೂರಿನ ಮದಗದ ಕೆರೆ ಇವೆಲ್ಲ ಅರಸರ ಕಾಲದ ನೆನಪುಗಳೂ ಹೌದು, ಇಂದಿನ ಹೊಲಗದ್ದೆಗಳ ಜೀವವೂ ಹೌದು. ಸೇವುಣ ಸಿಂಘಣನ ಆಳ್ವಿಕೆಯ ಕಾಲಕ್ಕೆ, ಅಂದರೆ 13ನೇ ಶತಮಾನಕ್ಕೆ ಸೇರಿದ ಶಾಂತೇಶ್ವರ ದೇವಾಲಯವಿರುವ ತಿಳವಳ್ಳಿಯೂ ಇಂಥದೇ ನೀರಿನ ಆಸರೆಯಲ್ಲಿ ಬೆಳೆದ ಊರು. ಈ ಸೀಮೆಯಲ್ಲಿ ಭಾದ್ರಪದದ ಚೌತಿಗೆ ಮನೆಗೆ ಬರುವ ಗಣಪತಿ ಎಷ್ಟೋ ತಲೆಮಾರುಗಳ ಕಾಲ ಕೆರೆಯ ಮಣ್ಣಿನಿಂದಲೇ ಹುಟ್ಟಿ ಕೆರೆಯ ನೀರಿನಲ್ಲೇ ಕರಗುತ್ತಿದ್ದನು. ಆ ಮೂರ್ತಿ ಮೊದಲು ಬೀದಿಗೆ ಬಂದು, ಆಮೇಲೆ ಪೇಟೆಯ ಸರಕಾಗಿ, ಕೊನೆಗೆ ನೀರಿನಲ್ಲಿ ಕರಗದ ಕಸವಾಗಿ, 2016ರಲ್ಲಿ ಸರ್ಕಾರದ ನಿಷೇಧಕ್ಕೆ ಒಳಗಾದುದು ಸುಮಾರು 120 ವರ್ಷಗಳ ಕಥೆ. ಭಕ್ತಿ ಹೆಚ್ಚಿತೆಂದೋ ವಿವೇಕ ಕಡಿಮೆಯಾಯಿತೆಂದೋ ಹೇಳಿದರೆ ಈ ಕಥೆ ಅರ್ಥವಾಗುವುದಿಲ್ಲ. ಮೂರ್ತಿ ಮಾಡುವವನಿಗೂ ಅದನ್ನು ಒಯ್ಯುವವನಿಗೂ ನಡುವೆ ಇದ್ದ ಸಂಬಂಧ ಯಾವಾಗ, ಹೇಗೆ ಬದಲಾಯಿತು ಎಂಬಲ್ಲಿ ಇದರ ಎಳೆ ಸಿಗುತ್ತದೆ.

ಉತ್ತರ ಕರ್ನಾಟಕದಲ್ಲಿ ಗಣಪತಿ ಒಬ್ಬಂಟಿಯಾಗಿ ಬರುವ ದೇವರಲ್ಲ. ಮುಂಗಾರಿನ ಮೊದಲ ಮಳೆಯಿಂದ ಹಿಡಿದು ಹಿಂಗಾರಿ ಬಿತ್ತನೆಯವರೆಗೆ ಇಲ್ಲಿ ಮಣ್ಣಿನ ಪೂಜೆಗಳ ಒಂದು ಸಾಲೇ ನಡೆಯುತ್ತದೆ. ಜ್ಯೇಷ್ಠದ ಕೊನೆಗೆ ಮಣ್ಣೆತ್ತಿನ ಅಮಾವಾಸ್ಯೆಯಂದು ಜೋಡಿ ಎತ್ತುಗಳು, ಆಷಾಢದ ಮಂಗಳವಾರಗಳಂದು ಹೆಣ್ಣುಮಕ್ಕಳು ಕೂಡಿಸುವ ಗುಳ್ಳವ್ವ, ಶ್ರಾವಣದ ಪಂಚಮಿಗೆ ನಾಗಪ್ಪ, ಭಾದ್ರಪದದ ಚೌತಿಗೆ ಗಣಪ, ಅವನ ಬೆನ್ನಿಗೇ ಜೋಕುಮಾರ. ಈ ಐವರೂ ಮಣ್ಣಿನವರು, ಐವರೂ ಕೆಲವು ದಿನ ಇದ್ದು ಹೋಗುವ ಅತಿಥಿಗಳು. ಇವರ ಹಿಂದೆಯೇ ದೀಪಾವಳಿಯಲ್ಲಿ ಸಗಣಿಯಿಂದ ಮಾಡಿದ ಹಟ್ಟಿಲಕ್ಕವ್ವ ಮತ್ತು ಪಾಂಡವರು, ಗೌರಿ ಹುಣ್ಣಿಮೆಗೆ ಆರತಿಯ ತಟ್ಟೆಯಲ್ಲಿ ಸಕ್ಕರೆ ಗೊಂಬೆಗಳು ಬರುತ್ತವೆ. ಸಗಣಿ ಗೊಬ್ಬರವಾಗುತ್ತದೆ, ಸಕ್ಕರೆ ಮಕ್ಕಳ ಬಾಯಿ ಸೇರುತ್ತದೆ. ಹಬ್ಬ ಮುಗಿದ ಮೇಲೆ ಏನನ್ನು ಎಲ್ಲಿ ಹಾಕಬೇಕು ಎಂಬ ಪ್ರಶ್ನೆಗೆ ಈ ಪಂಚಾಂಗದಲ್ಲಿ ಜಾಗವೇ ಇರಲಿಲ್ಲ, ಏಕೆಂದರೆ ಉಳಿಯುವ ವಸ್ತುವೇ ಇರಲಿಲ್ಲ.

ಮಣ್ಣಿನ ಗಣಪನ ತಯಾರಿಯನ್ನು ಹತ್ತಿರದಿಂದ ನೋಡಿದರೆ ಅದರೊಳಗಿನ ಲೆಕ್ಕಾಚಾರ ಕಾಣುತ್ತದೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅಂಗಳದಿಂದ ತೆಗೆದ ಜೇಡಿಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ನೆನೆಹಾಕಿ, ಬಿರುಕು ಬಿಡದಿರಲೆಂದು ಅರಳೆಯನ್ನು ಸೇರಿಸಿ ಒನಕೆಯಿಂದಲೋ ಕೊಡತಿಯಿಂದಲೋ ಬಡಿದು ಹದ ಮಾಡುತ್ತಾರೆ. ಹತ್ತಿ ಬೆಳೆಯುವ ನಾಡಿಗೆ ಅರಳೆ ದುಬಾರಿಯಾಗಿರಲಿಲ್ಲ. ಕುಂಬಾರರೋ ಚಿತ್ರಗಾರರೋ ಬಡಿಗೇರರೋ, ಊರಿನ ರೂಢಿಗೆ ತಕ್ಕಂತೆ ಯಾರ ಮನೆಗೆ ಆ ಹಕ್ಕು ಸೇರಿತ್ತೋ ಆ ಮನೆಯವರು ಆಷಾಢದಿಂದಲೇ ಕೈಹಚ್ಚಿ, ಸುಣ್ಣ, ಜಾಜು, ಅರಿಶಿನ, ಕಾಡಿಗೆಗಳಿಂದ ಬಣ್ಣ ತುಂಬಿ, ಕಣ್ಣು ಬರೆಯುವ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದರು. ಚೌತಿಯ ಬೆಳಿಗ್ಗೆ ತಲೆಗೆ ಟೊಪ್ಪಿಗೆಯಿಟ್ಟ ಗಂಡಸರೂ ಹುಡುಗರೂ ಮಣೆ, ಜಾಗಟೆ ಹಿಡಿದು ಆ ಮನೆಗೆ ಹೋಗಿ, ತಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆಅಡಿಕೆಗಳೊಂದಿಗೆ ಕೈಲಾದಷ್ಟು ಹಣವಿಟ್ಟು, ಮೂರ್ತಿಯನ್ನು ಮಣೆಯ ಮೇಲೆ ಕೂಡಿಸಿಕೊಂಡು ಬರುತ್ತಿದ್ದರು. ಚೌಕಾಸಿ ಮಾಡುವ ರೂಢಿ ಇರಲಿಲ್ಲ; ಅದು ಖರೀದಿ ಎಂದು ಯಾರೂ ಕರೆಯುತ್ತಲೂ ಇರಲಿಲ್ಲ, ‘ಗಣಪ್ಪನ್ನ ತರೂದು’ ಎಂದಷ್ಟೇ ಹೇಳುತ್ತಿದ್ದರು. ‘ಗಣಪ್ಪನ್ನ ಕಳಸೂ’ ದಿನ ನೀರಿಗೆ ಬಿಟ್ಟ ಮೇಲೆ ಖಾಲಿ ಮಣೆಯಲ್ಲಿ ಬರಬಾರದೆಂದು ಕೆಲವು ಮನೆಯವರು ದಂಡೆಯ ಒಂದು ಹಿಡಿ ಹಸಿಮಣ್ಣನ್ನು ಮಣೆಯ ಮೇಲಿಟ್ಟುಕೊಂಡು ಮರಳುವ ಪದ್ಧತಿಯೂ ಉಂಟು. ಕೆರೆಯಿಂದ ಕೈಗಡ ತಂದದ್ದನ್ನು ತೀರಿಸಿ, ಮುಂದಿನ ವರ್ಷಕ್ಕೆ ಮತ್ತೆ ಹಿಡಿಯಷ್ಟು ಕಡ ತಂದಂತೆ ಇತ್ತು ಆ ವ್ಯವಹಾರ.

ಈ ಮನೆಯ ದೇವರು ರಾಜಕಾರಣದ ದೇವರಾದುದಕ್ಕೆ ಎರಡು ಹಂತಗಳಿವೆ. ಪೇಶ್ವೆಯರಿಗೂ ಅವರ ಸರದಾರರಾದ ಪಟವರ್ಧನರಿಗೂ ಗಣಪತಿ ಆರಾಧ್ಯದೈವವಾಗಿದ್ದನು. 1818ರಲ್ಲಿ ಪೇಶ್ವೆಯರ ಆಳ್ವಿಕೆ ಕೊನೆಗೊಂಡು ಧಾರವಾಡ ಸೀಮೆ ಕಂಪನಿಯ ಕೈಸೇರಿದ ಮೇಲೆ ಹಾನಗಲ್, ಬಂಕಾಪುರ, ಕೋಡ ತಾಲ್ಲೂಕುಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದವು. ಇವುಗಳಲ್ಲಿ ಬಂಕಾಪುರವೇ ಈಗಿನ ಶಿಗ್ಗಾವಿ, ಕೋಡವೇ ಈಗಿನ ಹಿರೇಕೆರೂರು. ಸವಣೂರು ನವಾಬರ ಸಂಸ್ಥಾನವಾಗಿ ಉಳಿಯಿತು. ಪಕ್ಕದ ಲಕ್ಷ್ಮೇಶ್ವರ, ಶಿರಹಟ್ಟಿಗಳು ಮಿರಜ ಮತ್ತು ಸಾಂಗ್ಲಿಯ ಪಟವರ್ಧನರ ಅಧೀನದಲ್ಲಿದ್ದವು. ಹೀಗಾಗಿ ಪುಣೆಯಲ್ಲಿ ಎದ್ದ ಗಾಳಿ ಈ ಕಡೆಗೆ ಬೀಸಲು ದಾರಿ ಮೊದಲೇ ಇತ್ತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿ, ಹಾವೇರಿ, ಹರಿಹರಗಳನ್ನು ಜೋಡಿಸುತ್ತ ಸಾಗಿದಾಗ ಆ ದಾರಿ ಇನ್ನಷ್ಟು ಹತ್ತಿರವಾಯಿತು.

1893ರಲ್ಲಿ ಬಾಲಗಂಗಾಧರ ತಿಲಕರು ಪುಣೆಯಲ್ಲಿ ಸಾರ್ವಜನಿಕ ಗಣೇಶೋತ್ಸವಕ್ಕೆ ರೂಪ ಕೊಟ್ಟರೆಂಬುದು ಪ್ರಸಿದ್ಧವಾದ ಮಾತು. ಆದರೆ ಒಂದು ವರ್ಷ ಮೊದಲೇ ಭಾವೂಸಾಹೇಬ ರಂಗಾರಿ ಎಂಬವರು ಅದನ್ನು ಆರಂಭಿಸಿದ್ದರೆಂಬ ವಾದವಿದ್ದು, ಪುಣೆಯಲ್ಲಿ ಆ ಜಗಳ ಇನ್ನೂ ತಣ್ಣಗಾಗಿಲ್ಲ. ಇತಿಹಾಸಕಾರರ ಭಿನ್ನಾಭಿಪ್ರಾಯ ಇದಕ್ಕಿಂತ ಆಳದ್ದು. 1975ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ರಿಚರ್ಡ್ ಕ್ಯಾಶ್‌ಮನ್ ಅವರು, 1893ರ ಮುಂಬಯಿ ಗಲಭೆಗಳ ಬಳಿಕ ಹಿಂದೂಗಳನ್ನು ಮೊಹರಂ ಮೆರವಣಿಗೆಗಳಿಂದ ಬಿಡಿಸಿ ಬೇರೆಯದೇ ಉತ್ಸವವೊಂದಕ್ಕೆ ಸೆಳೆಯುವ ಉದ್ದೇಶ ಇದರ ಹಿಂದಿತ್ತೆಂದು ತೋರಿಸಿದರು. ಸಭೆ ಸೇರುವುದಕ್ಕೆ ಅಡ್ಡಿ ಮಾಡುತ್ತಿದ್ದ ಸರ್ಕಾರವು ಧಾರ್ಮಿಕ ಉತ್ಸವಕ್ಕೆ ಕೈಹಾಕಲು ಹಿಂಜರಿಯುವುದೆಂಬ ಲೆಕ್ಕಾಚಾರವೇ ಮುಖ್ಯವಾಗಿತ್ತೆಂದು ವಾದಿಸುವವರೂ ಇದ್ದಾರೆ. ಎರಡೂ ಮಾತುಗಳಲ್ಲಿ ಹುರುಳಿದೆ. ಆದರೆ ಮೊಹರಂನಲ್ಲಿ ಹಿಂದೂಗಳೂ ಅಲಾವಿ ಕುಣಿಯುವ ಸವಣೂರು–ಶಿಗ್ಗಾವಿ ಸೀಮೆಯ ಮಟ್ಟಿಗೆ ಮೊದಲನೆಯ ಉದ್ದೇಶ ಪೂರ್ತಿ ಈಡೇರಲಿಲ್ಲವೆಂದೇ ಹೇಳಬೇಕು. ಹಿಂದೂ–ಮುಸ್ಲಿಂ ಇಬ್ಬರಿಗೂ ಬೇಕಾದ ಸಂತಕವಿ, ಶಿಗ್ಗಾವಿ ತಾಲ್ಲೂಕಿನ ಶಿಶುನಾಳದ ಶರೀಫರು ತೀರಿಕೊಂಡದ್ದು 1889ರಲ್ಲಿ, ತಿಲಕರ ಉತ್ಸವಕ್ಕೆ ಕೇವಲ ನಾಲ್ಕು ವರ್ಷ ಮೊದಲು, ಮತ್ತು ಅವರ ನೆನಪು ಆ ನೆಲದಲ್ಲಿ ಇಂದಿಗೂ ಅಳಿದಿಲ್ಲ.

1905ರ ಸುಮಾರಿಗೆ ಬೆಳಗಾವಿಯ ಝೆಂಡಾ ಚೌಕದಲ್ಲಿ ಸಾರ್ವಜನಿಕ ಗಣಪತಿ ಕೂತನು; ಅಲ್ಲಿಂದ ಧಾರವಾಡ, ಹುಬ್ಬಳ್ಳಿಗಳ ಮೂಲಕ ಆ ಪದ್ಧತಿ ತಾಲ್ಲೂಕು ಊರುಗಳಿಗೆ ಇಳಿಯಿತು. 1916ರ ಏಪ್ರಿಲ್‌ನಲ್ಲಿ ಬೆಳಗಾವಿಯಲ್ಲೇ ತಿಲಕರು ಹೋಂ ರೂಲ್ ಲೀಗನ್ನು ಸ್ಥಾಪಿಸುವ ಹೊತ್ತಿಗೆ ಗಣೇಶೋತ್ಸವ ಈ ಭಾಗದ ವಿದ್ಯಾವಂತರಿಗೆ ಪರಿಚಿತ ವೇದಿಕೆಯಾಗಿತ್ತು. ಇದರ ಪ್ರಭಾವ ಗಣಪತಿಗಷ್ಟೇ ಸೀಮಿತವಾಗಿರಲಿಲ್ಲ: ಬನವಾಸಿಯಲ್ಲಿ ಹುಟ್ಟಿ ಆಗ ದಾವಣಗೆರೆಯಲ್ಲಿದ್ದ ಹರ್ಡೇಕರ ಮಂಜಪ್ಪನವರು 1913ರಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಆರಂಭಿಸಿದರು. ಆ ಕಾಲದ ಉತ್ಸವದಲ್ಲಿ ಖರ್ಚೆಂದರೆ ಮುಖ್ಯವಾಗಿ ಮಾತು, ಹಾಡು, ಭಾಷಣ. ಮೂರ್ತಿ ಇನ್ನೂ ಮಣ್ಣಿನದೇ ಆಗಿತ್ತು. ಆದರೆ ಆಗ ನಡೆದ ಒಂದು ಸಣ್ಣ ಬದಲಾವಣೆಗೆ ಮುಂದೆ ದೊಡ್ಡ ಬೆಲೆ ಬಂದಿತು: ಹಣವನ್ನು ಮನೆಯವರು ತಟ್ಟೆಯಲ್ಲಿಡುವ ಬದಲು ಮಂಡಳಿಯವರು ಓಣಿ ಓಣಿ ತಿರುಗಿ ಪಟ್ಟಿ ಎತ್ತಲಾರಂಭಿಸಿದರು. ಪಟ್ಟಿಯ ಹಣಕ್ಕೆ ಲೆಕ್ಕ ತೋರಿಸಬೇಕು, ಲೆಕ್ಕ ಕಣ್ಣಿಗೆ ಕಾಣಬೇಕು, ಪಕ್ಕದ ಓಣಿಗಿಂತ ಒಂದು ಮೊಳ ಎತ್ತರ ಕಂಡರೆ ಇನ್ನೂ ಒಳ್ಳೆಯದು.

ಇದಕ್ಕೆ ಕೆಲವು ದಶಕಗಳ ಮೊದಲು ಜಗತ್ತಿನ ಇನ್ನೊಂದು ದೊಡ್ಡ ಹಬ್ಬ ಇದಕ್ಕೆ ಸರಿಯಾಗಿ ಎದುರು ದಿಕ್ಕಿನಲ್ಲಿ ಚಲಿಸಿತ್ತು. ಕ್ರಿಸ್‌ಮಸ್ ಒಂದು ಕಾಲಕ್ಕೆ ಬೀದಿಯ ಹಬ್ಬ. ಸುಗ್ಗಿ ಮುಗಿಸಿದ ಆಳುಗಳು ಕುಡಿದು, ಒಡೆಯರ ಬಾಗಿಲು ತಟ್ಟಿ, ಊಟ ಮತ್ತು ಮದ್ಯವನ್ನು ಹಕ್ಕೆಂಬಂತೆ ಕೇಳಿ ಪಡೆಯುತ್ತಿದ್ದ ಗದ್ದಲದ ದಿನಗಳವು. ಆ ಗದ್ದಲಕ್ಕೆ ಬೇಸತ್ತ ಪ್ಯೂರಿಟನ್ ಪಂಥದವರು ಅಮೆರಿಕೆಯ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಕ್ರಿಸ್‌ಮಸ್ ಆಚರಿಸಿದವರಿಗೆ ಐದು ಶಿಲಿಂಗ್ ದಂಡ ವಿಧಿಸುವ ಕಾನೂನನ್ನೇ ಇಟ್ಟಿದ್ದರು. 19ನೇ ಶತಮಾನದಲ್ಲಿ ಮಧ್ಯಮವರ್ಗ ಆ ಹಬ್ಬವನ್ನು ಬೀದಿಯಿಂದ ಎತ್ತಿ ಮನೆಯೊಳಗೆ ತಂದು, ಮಕ್ಕಳನ್ನು ಅದರ ನಡುವೆ ಕೂಡಿಸಿತು. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಮೊದಲ ಶುಭಾಶಯ ಪತ್ರಗಳನ್ನು ಅಚ್ಚು ಹಾಕಿಸಿ ಮಾರಾಟಕ್ಕಿಟ್ಟರು; 1848ರಲ್ಲಿ ವಿಕ್ಟೋರಿಯಾ ರಾಣಿಯ ಕುಟುಂಬ ಸಿಂಗರಿಸಿದ ಮರದ ಸುತ್ತ ನಿಂತಿರುವ ಚಿತ್ರವನ್ನು ಇಲಸ್ಟ್ರೇಟೆಡ್ ಲಂಡನ್ ನ್ಯೂಸ್ ಪ್ರಕಟಿಸಿದಾಗ ಜರ್ಮನಿಯ ಮನೆಗಳ ಪದ್ಧತಿ ಇಂಗ್ಲೆಂಡಿನ ಮನೆಗಳ ಫ್ಯಾಶನ್ನಾಯಿತು. ಬಾಸೆಲ್ ಮಿಶನ್ನಿನ ಜರ್ಮನ್ ಭಾಷಿಕ ಪಾದ್ರಿಗಳು 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ಕೇಂದ್ರ ತೆರೆದಾಗ ಅವರ ತಾಯ್ನಾಡಿನಲ್ಲಿ ಹಬ್ಬ ಹೀಗೆ ಮನೆಯ ಹಬ್ಬವಾಗಿ ನೆಲೆಯೂರುತ್ತಿತ್ತು.

ಇತಿಹಾಸಕಾರ ಸ್ಟೀಫನ್ ನಿಸೆನ್‌ಬಾಮ್ 1996ರ ತಮ್ಮ ಗ್ರಂಥದಲ್ಲಿ, ಮನೆಯೊಳಗೆ ಬಂದ ಕ್ರಿಸ್‌ಮಸ್ ಮೊದಲು ಶುದ್ಧವಾಗಿತ್ತು, ವ್ಯಾಪಾರಿಗಳು ಆಮೇಲೆ ಕೆಡಿಸಿದರು ಎಂಬ ಜನಪ್ರಿಯ ನಂಬಿಕೆಯನ್ನು ಒಪ್ಪಲಿಲ್ಲ. ಕೊಂಡು ತಂದ ಉಡುಗೊರೆಯೇ ಹಬ್ಬವನ್ನು ಬೀದಿಯಿಂದ ಮನೆಗೆ ತಂದ ಸಾಧನವೆಂಬುದು ಅವರ ವಾದ. ಅದರ ಮುಂದಿನ ಅಧ್ಯಾಯವನ್ನು ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗೆಲ್ 1993ರಲ್ಲಿ ಲೆಕ್ಕದ ರೂಪದಲ್ಲಿ ಬರೆದಿದ್ದರು: ಉಡುಗೊರೆ ಪಡೆದವರು ಅದಕ್ಕೆ ಕಟ್ಟುವ ಬೆಲೆ, ಕೊಟ್ಟವರು ತೆತ್ತ ಬೆಲೆಗಿಂತ ಶೇ. 10ರಿಂದ ಮೂರನೇ ಒಂದು ಪಾಲಿನಷ್ಟು ಕಡಿಮೆಯಿರುತ್ತದೆಂದು ಅವರು ಅಂದಾಜಿಸಿದರು. ಕ್ರಿಸ್‌ಮಸ್ ಬೀದಿಯಿಂದ ಮನೆಗೆ ಬಂದು ಸರಕಾಯಿತು, ಗಣಪತಿ ಮನೆಯಿಂದ ಬೀದಿಗೆ ಹೋಗಿ ಸರಕಾದನು. ದಾರಿಗಳು ಬೇರೆಯಾದರೂ ಇಬ್ಬರೂ ಬಂದು ನಿಂತದ್ದು ಒಂದೇ ಅಂಗಡಿಯ ಕಟ್ಟೆಯ ಮುಂದೆ. ಸಾಂಟಾಕ್ಲಾಸನ ಗೊಂಬೆಯನ್ನೂ ಪ್ಲಾಸ್ಟಿಕ್ ಗಣಪನನ್ನೂ ಚೀನಾದಿಂದ ತರಿಸುವ ಕಾಲ ಬಂದು, 2020ರ ಜೂನ್‌ನಲ್ಲಿ ಕೇಂದ್ರದ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೇ ಗಣೇಶನ ಮೂರ್ತಿಯನ್ನೂ ಅಲ್ಲಿಂದ ಏಕೆ ತರಿಸಬೇಕೆಂದು ಬಹಿರಂಗವಾಗಿ ಕೇಳಬೇಕಾಯಿತು.

ಮಣ್ಣನ್ನು ಹಿಂದಕ್ಕೆ ತಳ್ಳಿದ ವಸ್ತುವಿನ ಹೆಸರು ಪ್ಲಾಸ್ಟರ್ ಆಫ್ ಪ್ಯಾರಿಸ್, ಆಡುಮಾತಿನಲ್ಲಿ ಪಿಒಪಿ. ಜಿಪ್ಸಮ್ ಎಂಬ ಖನಿಜವನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಅದು ತನ್ನೊಳಗೆ ಬಂಧಿಯಾಗಿದ್ದ ನೀರಿನ ಮುಕ್ಕಾಲು ಪಾಲನ್ನು ಬಿಟ್ಟುಕೊಟ್ಟು ಬಿಳಿ ಪುಡಿಯಾಗುತ್ತದೆ. ಆ ಪುಡಿಗೆ ನೀರು ಬೆರೆಸಿದರೆ ಕಳೆದುಕೊಂಡ ನೀರನ್ನು ಮತ್ತೆ ಹೀರಿ ನಿಮಿಷಗಳಲ್ಲಿ ಗಟ್ಟಿಯಾಗಿ, ಹಾಕಿದ ಅಚ್ಚಿನ ಆಕಾರವನ್ನು ಪಡೆಯುತ್ತದೆ. ಪ್ಯಾರಿಸ್ಸಿನ ಮೊಂಮಾರ್ತ್ರ್ ಗುಡ್ಡದ ಜಿಪ್ಸಮ್ ಗಣಿಗಳಿಂದ ಅದಕ್ಕೆ ಆ ಹೆಸರು ಬಂದಿದೆ. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಪೇಣ್ ಸುತ್ತಮುತ್ತ ಮನೆಮನೆಯ ಕಸುಬಾಗಿದ್ದ ಮೂರ್ತಿ ತಯಾರಿಕೆಯನ್ನು ವರ್ಷವಿಡೀ ನಡೆಯುವ ದೊಡ್ಡ ಉದ್ಯಮವಾಗಿ ಬೆಳೆಸಿದ್ದು ಈ ಪುಡಿಯೇ.

ಅದರ ಗೆಲುವಿಗೆ ಹಾನಗಲ್ ಸೀಮೆಯ ಹವಾಮಾನವೂ ತನ್ನ ಪಾಲಿನ ಸಹಾಯ ಮಾಡಿತೆನ್ನಬೇಕು. ಮಣ್ಣಿನ ಮೂರ್ತಿಗೆ ಕೈಹಚ್ಚುವುದು ಆಷಾಢದಲ್ಲಿ, ಒಣಗಿಸುವುದು ಶ್ರಾವಣದಲ್ಲಿ. ಶಿರಸಿಯ ಕಡೆಯಿಂದ ಮೋಡ ಬಂದು ದಿನಗಟ್ಟಲೆ ಜಿಟಿಜಿಟಿ ಹಿಡಿಯುವ ಕಾಲವೂ ಅದೇ. ಒಲೆಯ ಹತ್ತಿರವಿಟ್ಟು ಅವಸರದಿಂದ ಒಣಗಿಸಿದರೆ ಬಿರುಕು, ಒಣಗಿಸದೆ ಬಣ್ಣ ಹಚ್ಚಿದರೆ ಬೂಷ್ಟು. ಮಣ್ಣಿನ ಮೂರ್ತಿ ಭಾರ, ಸಾಗಣೆಯಲ್ಲಿ ಸೊಂಡಿಲೋ ಕಿವಿಯೋ ಮುರಿದರೆ ಪೂಜೆಗೆ ಬಾರದು, ಎತ್ತರಕ್ಕೂ ಮಿತಿಯಿದೆ. ಪಿಒಪಿಗೆ ಈ ಯಾವ ತೊಂದರೆಯೂ ಇಲ್ಲ: ಒಳಗೆ ಪೊಳ್ಳು, ತೆಂಗಿನ ನಾರು ಸೇರಿಸಿದರೆ ಹತ್ತಡಿ ಎತ್ತರವಾದರೂ ಹಗುರ, ಒಂದೇ ಅಚ್ಚಿನಿಂದ ನೂರಾರು, ಬೇಸಿಗೆಯಲ್ಲೇ ಮಾಡಿ ಗೋದಾಮಿನಲ್ಲಿ ಇಡಬಹುದು. ಕಳೆದ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹುಲ್ಲು ಹೊದೆಸಿದ ಲಾರಿಗಳು ಮಹಾರಾಷ್ಟ್ರದ ಮೂರ್ತಿಗಳನ್ನು ಹೊತ್ತು ದಕ್ಷಿಣಕ್ಕೆ ಇಳಿಯತೊಡಗಿದವು. 2000ದ ನಂತರ ಆ ಹೆದ್ದಾರಿ ನಾಲ್ಕು ಪಥದ್ದಾದ ಮೇಲಂತೂ ಶಿಗ್ಗಾವಿ, ಹಾವೇರಿಗಳ ಪೇಟೆಗೆ ಕೊಲ್ಲಾಪುರ ಬಹಳ ದೂರದ್ದೆನಿಸಲಿಲ್ಲ.

ಮೂರ್ತಿಯನ್ನು ಈಗ ಆರಿಸಬಹುದಾಗಿತ್ತು, ಮತ್ತು ಈ ಕಥೆಯ ನಿಜವಾದ ತಿರುವು ಇದೇ. ಕುಂಬಾರರ ಮನೆಯಲ್ಲಿ ಪ್ರತಿ ಕುಟುಂಬಕ್ಕೂ ‘ನಮ್ಮ ಗಣಪ’ ಎಂಬ ಒಂದೇ ಮೂರ್ತಿ ಕಾದಿರುತ್ತಿತ್ತು, ಕಳೆದ ವರ್ಷದ ಅಳತೆ, ಕಳೆದ ವರ್ಷದ ಭಂಗಿ. ಬಸ್‌ ನಿಲ್ದಾಣದ ಬಳಿಯ ತಗಡಿನ ಶೆಡ್ಡಿನಲ್ಲಿ ಸಾಲಾಗಿ ನೂರು ಗಣಪತಿಗಳು: ದೂರದರ್ಶನದಲ್ಲಿ ರಾಮಾಯಣ ಬಂದ ಮೇಲೆ ಬಿಲ್ಲು ಹಿಡಿದವನು, ಕ್ರಿಕೆಟ್ ಗೆದ್ದ ವರ್ಷ ಬ್ಯಾಟು ಹಿಡಿದವನು, ಸಿನಿಮಾ ಓಡಿದ ವರ್ಷ ನಾಯಕನ ಮೈಕಟ್ಟಿನವನು, ಮತ್ತು ಎಲ್ಲರ ಮೈಮೇಲೂ ಎಣ್ಣೆಬಣ್ಣದ ಮಿಂಚು. ಬೀದಿಯ ಪೆಂಡಾಲಿನ ಗಾತ್ರ ಮತ್ತು ಥಳುಕು ಸಣ್ಣ ಅಳತೆಯಲ್ಲಿ ಮನೆಯ ನಡುಮನೆಗೆ ಮರಳಿತು. ಮಂಟಪಕ್ಕೆ ಬಾಳೆಕಂಬ, ಮಾವಿನ ತೋರಣಗಳ ಬದಲು ಥರ್ಮಾಕೋಲಿನ ಕೆತ್ತನೆ. ಶಿರಸಿ ಸೀಮೆಗೆ ಹತ್ತಿರದ ಊರುಗಳಲ್ಲಿ ಸೌತೆ, ಹೀರೆ, ಅಡಿಕೆಗೊನೆ, ಕಾಡುಕಾಯಿಗಳನ್ನು ಗಣಪನ ತಲೆಯ ಮೇಲೆ ತೂಗುಬಿಡುವ ಫಲಾವಳಿಯ ಜಾಗದಲ್ಲಿ ಪ್ಲಾಸ್ಟಿಕ್ ಹಣ್ಣಿನ ಗೊಂಚಲು. ಈ ಬದಲಾವಣೆಯನ್ನು ಬರಿಯ ಆಡಂಬರವೆಂದು ಜರೆಯುವುದು ಸುಲಭ. ಆದರೆ ಒಂದು ಕಾಲಕ್ಕೆ ಗಣಪನನ್ನು ಕೂಡಿಸುವ ರೂಢಿಯೇ ಇಲ್ಲದ ಎಷ್ಟೋ ಮನೆಗಳಿಗೆ, ಕುಂಬಾರರ ಮನೆಯ ವಂಶಪರಂಪರೆಯ ಪಟ್ಟಿಯಲ್ಲಿ ಹೆಸರಿಲ್ಲದ ಕುಟುಂಬಗಳಿಗೆ, ಯಾರ ಅಪ್ಪಣೆಯೂ ಇಲ್ಲದೆ ದುಡ್ಡು ಕೊಟ್ಟು ದೇವರನ್ನು ತರುವ ಸ್ವಾತಂತ್ರ್ಯವನ್ನು ಕೊಟ್ಟದ್ದೂ ಇದೇ ತಗಡಿನ ಶೆಡ್ಡು ಎಂಬುದನ್ನು ಮರೆಯಲಾಗದು.

ನೀರು ಮಾತ್ರ ಈ ಬದಲಾವಣೆಗೆ ಒಗ್ಗಲಿಲ್ಲ. ಜಿಪ್ಸಮ್ ಒಂದು ಲೀಟರ್ ನೀರಿನಲ್ಲಿ ಕರಗುವುದು ಎರಡು ಗ್ರಾಂಗಿಂತ ತುಸು ಹೆಚ್ಚು ಮಾತ್ರ. ನಿಂತ ನೀರಿನ ಕೆರೆಯಲ್ಲಿ ಕಿಲೋಗಟ್ಟಲೆ ತೂಕದ ಮೂರ್ತಿ ಕರಗಲು ತಿಂಗಳುಗಳೇ ಬೇಕು. ವಿಸರ್ಜನೆಯ ಮರುದಿನ ಬೆಳಿಗ್ಗೆ ಕೆರೆಯಂಚಿಗೆ ಹೋದವರಿಗೆ ಕಾಣುತ್ತಿದ್ದುದು ಅರ್ಧ ಮುಳುಗಿದ ಸೊಂಡಿಲು, ಬಣ್ಣ ಕಳೆದುಕೊಂಡ ಕಿರೀಟ, ಮುರಿದ ತೋಳಿನಿಂದ ಹೊರಬಂದ ತೆಂಗಿನ ನಾರು, ಅದರ ಸುತ್ತ ತೇಲುವ ಥರ್ಮಾಕೋಲಿನ ಬಿಳಿ ಕಾಳು. ಬಣ್ಣದ ಅಪಾಯ ಕಣ್ಣಿಗೆ ಕಾಣದ್ದು: ಹೊಳಪಿನ ರಾಸಾಯನಿಕ ಬಣ್ಣಗಳಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂನಂಥ ಭಾರ ಲೋಹಗಳಿದ್ದು, ಅವು ಕೆಸರಿನಲ್ಲಿ ಉಳಿದು ಮೀನಿನ ಮೈ ಸೇರಬಲ್ಲವು. ಹೈದರಾಬಾದಿನ ಹುಸೇನ್ ಸಾಗರದಲ್ಲಿ ವಿಸರ್ಜನೆಯ ಪರಿಣಾಮಗಳನ್ನು ಕುರಿತ ಅಧ್ಯಯನವೊಂದು 2001ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ ಈ ವಿಷಯ ಊರಿನ ಗೊಣಗಾಟದ ಮಟ್ಟದಿಂದ ವಿಜ್ಞಾನದ ಪ್ರಶ್ನೆಯ ಮಟ್ಟಕ್ಕೆ ಏರಿತು. ಆದರೆ ಗೊಣಗಾಟವೇನೂ ಸಣ್ಣದಾಗಿರಲಿಲ್ಲ. ಕೆರೆಯ ಮೀನು ಹಿಡಿಯುವವರಿಗೆ ಬಲೆ ಹರಿಯುವ ಚಿಂತೆ, ದನ ಮೈತೊಳೆಸುವವರಿಗೆ ಕಾಲಿಗೆ ಮೊಳೆ ಚುಚ್ಚುವ ಚಿಂತೆ.

ಕಾನೂನು ಬಂದದ್ದು ಮೆಲ್ಲಗೆ. 2010ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮೂರ್ತಿ ವಿಸರ್ಜನೆಗೆ ಮಾರ್ಗಸೂಚಿ ಹೊರಡಿಸಿ, ಮಣ್ಣಿನ ಮೂರ್ತಿ ಮತ್ತು ಸಹಜ ಬಣ್ಣಗಳನ್ನು ಬಳಸುವಂತೆಯೂ ವಿಸರ್ಜನೆಗೆ ಪ್ರತ್ಯೇಕ ಹೊಂಡಗಳನ್ನು ಮಾಡುವಂತೆಯೂ ಹೇಳಿತು. ಕರ್ನಾಟಕ 2016ರ ಮಾರ್ಚ್ 11ರಂದು ಪ್ಲಾಸ್ಟಿಕ್ ಚೀಲ, ಥರ್ಮಾಕೋಲ್ ತಟ್ಟೆ ಮುಂತಾದವನ್ನು ನಿಷೇಧಿಸಿತು. ಅದೇ ವರ್ಷದ ಜುಲೈನಲ್ಲಿ, 1974ರ ಜಲಮಾಲಿನ್ಯ ಕಾಯ್ದೆಯ ಅಡಿಯಲ್ಲಿ, ಪಿಒಪಿ ಮೂರ್ತಿಗಳನ್ನು ನೀರಿಗೆ ಬಿಡುವುದಕ್ಕೂ ಅವುಗಳ ತಯಾರಿಕೆ, ಮಾರಾಟಕ್ಕೂ ತಡೆ ಒಡ್ಡಿತು. 2020ರ ಮೇ ತಿಂಗಳಲ್ಲಿ ಕೇಂದ್ರ ಮಂಡಳಿಯ ಪರಿಷ್ಕೃತ ಮಾರ್ಗಸೂಚಿ ಪಿಒಪಿಗೂ ಥರ್ಮಾಕೋಲಿಗೂ ದೇಶದಾದ್ಯಂತ ಬಾಗಿಲು ಮುಚ್ಚಲು ಹೊರಟಿತಾದರೂ, ಆಗಲೇ ಮೂರ್ತಿ ಮಾಡಿಟ್ಟುಕೊಂಡಿದ್ದ ಕುಶಲಕರ್ಮಿಗಳ ಅಳಲನ್ನು ಕೇಳಿ ಕೇಂದ್ರ ಸರ್ಕಾರ ಕೆಲವೇ ದಿನಗಳಲ್ಲಿ ಒಂದು ವರ್ಷದ ವಿನಾಯಿತಿ ಕೊಟ್ಟಿತು. ಆದೇಶವನ್ನು ಜಾರಿ ಮಾಡಬೇಕಾದವರು ಪಟ್ಟಣ ಪಂಚಾಯಿತಿ ಮತ್ತು ಪುರಸಭೆಗಳವರು. ಹಬ್ಬಕ್ಕೆ ವಾರವಿರುವಾಗ ಶೆಡ್ಡಿಗೆ ಹೋಗಿ ದೇವರ ಮೂರ್ತಿಯನ್ನು ಜಪ್ತಿ ಮಾಡುವ ಕೆಲಸ ಯಾವ ನೌಕರನಿಗೂ ಇಷ್ಟವಾದದ್ದಲ್ಲ.

ಆದೇಶಗಳು ಮಾಡಲಾಗದ್ದನ್ನು ಎರಡು ವರ್ಷಗಳ ಮಟ್ಟಿಗೆ ಸಾಂಕ್ರಾಮಿಕ ರೋಗ ಮಾಡಿತು. 2020ರ ಆಗಸ್ಟ್‌ನಲ್ಲಿ ಕರ್ನಾಟಕ ಸರ್ಕಾರ ಸಾರ್ವಜನಿಕ ಮೂರ್ತಿಗೆ ನಾಲ್ಕು ಅಡಿ, ಮನೆಯ ಮೂರ್ತಿಗೆ ಎರಡು ಅಡಿಯ ಮಿತಿ ಹಾಕಿ, ಮೆರವಣಿಗೆಗಳನ್ನು ನಿಲ್ಲಿಸಿದಾಗ, ಒಂದೂಕಾಲು ಶತಮಾನದ ಹಿಂದೆ ಬೀದಿಗೆ ಹೋಗಿದ್ದ ದೇವರು ಮತ್ತೆ ಮನೆಯೊಳಗೆ ಬಂದನು. ಎರಡಡಿಯೊಳಗಿನ ಮೂರ್ತಿಗೆ ಮಣ್ಣೇ ಸಾಕು; ಅದು ಹಿತ್ತಲಿನ ಬಕೆಟ್ಟಿನಲ್ಲೇ ಒಂದು ರಾತ್ರಿಯಲ್ಲಿ ಕರಗುತ್ತದೆ, ಆ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಬಹುದು. ಮಣ್ಣಿನ ಕೆಲಸವನ್ನು ಬಿಟ್ಟಿದ್ದ ಕೆಲವು ಮನೆಗಳಿಗೆ ಮತ್ತೆ ಗಿರಾಕಿಗಳು ಬಂದರು. ಆದರೆ ಅವರು ಬಂದದ್ದು ತಟ್ಟೆಯಲ್ಲಿ ಅಕ್ಕಿ ಇಟ್ಟುಕೊಂಡಲ್ಲ, ‘ಪರಿಸರ ಸ್ನೇಹಿ’ ಗಣಪನ ರೇಟು ಕೇಳಿಕೊಂಡು. ಮಣ್ಣೂ ಒಂದು ಬ್ರಾಂಡ್ ಆಗಿತ್ತು.

ರೋಗದ ಅಂಜಿಕೆ ಕಳೆದ ಮೇಲೆ ಪೆಂಡಾಲುಗಳೂ ಡಿಜೆಗಳೂ ಪಟಾಕಿಯೂ ಮರಳಿದವು. ತಮಿಳುನಾಡಿನ ಶಿವಕಾಶಿಯಿಂದ ಬರುವ ಪಟಾಕಿ ಈ ಭಾಗದಲ್ಲಿ ದೀಪಾವಳಿಗಿಂತ ಮೊದಲೇ, ಗಣಪನ ಆಗಮನದೊಂದಿಗೇ ಮಾರಾಟವಾಗತೊಡಗುತ್ತದೆ. 2023ರ ಆಗಸ್ಟ್ 29ರಂದು ಹಾವೇರಿ ಹತ್ತಿರದ ಆಲದಕಟ್ಟಿಯಲ್ಲಿ, ಹಾನಗಲ್ ಕಡೆಗೆ ಹೋಗುವ ರಸ್ತೆಯ ಬದಿಯ ಗೋದಾಮೊಂದರಲ್ಲಿ, ಮುಂಬರುವ ಹಬ್ಬಗಳಿಗಾಗಿ ಕೂಡಿಟ್ಟಿದ್ದ ಪಟಾಕಿಗೆ ಬೆಂಕಿ ಹತ್ತಿ ನಾಲ್ವರು ಕೆಲಸಗಾರರು ಸತ್ತರು. ಮೂರ್ತಿಯನ್ನು ಕುರಿತ ಕಾನೂನಿನ ಚರ್ಚೆಯಲ್ಲಿ ಈ ಸಾವುಗಳಿಗೆ ಜಾಗವಿಲ್ಲ, ಏಕೆಂದರೆ ಆ ಕಾನೂನು ನೋಡುವುದು ನೀರನ್ನು ಮಾತ್ರ. ಹಬ್ಬದ ಸರಕು ಮೂರ್ತಿಯ ಸುತ್ತ ಬೆಳೆದು ಮೂರ್ತಿಗಿಂತ ದೊಡ್ಡದಾಗಿ ಎಷ್ಟೋ ಕಾಲವಾಗಿದ್ದರೂ, ಕಾನೂನಿನ ಕೈಗೆ ಸಿಕ್ಕದ್ದು ಮೂರ್ತಿಯೊಂದೇ.

ಪಿಒಪಿಯ ಪರವಾದ ವಾದ ಇನ್ನೂ ಸೋತಿಲ್ಲ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ವಿಜ್ಞಾನಿಗಳು ಅಮೋನಿಯಂ ಬೈಕಾರ್ಬನೇಟ್ ದ್ರಾವಣದಲ್ಲಿ ಮೂರ್ತಿಯನ್ನು ಒಡೆದು, ಒಂದು ಕಡೆ ಕ್ಯಾಲ್ಸಿಯಂ ಕಾರ್ಬನೇಟನ್ನೂ ಇನ್ನೊಂದು ಕಡೆ ಗೊಬ್ಬರವಾಗಬಲ್ಲ ಅಮೋನಿಯಂ ಸಲ್ಫೇಟನ್ನೂ ಪಡೆಯುವ ದಾರಿ ತೋರಿಸಿದ್ದಾರೆ. ಮೂರ್ತಿ ಮಾಡುವವರು ಅದನ್ನು ಮುಂದಿಟ್ಟುಕೊಂಡು, ದೋಷ ವಸ್ತುವಿನದಲ್ಲ, ಬಿಡುವ ಜಾಗದ್ದು ಎನ್ನುತ್ತಾರೆ. 2025ರ ಜೂನ್‌ನಲ್ಲಿ ಬಾಂಬೆ ಹೈಕೋರ್ಟ್ ಪಿಒಪಿ ಮೂರ್ತಿಗಳ ತಯಾರಿಕೆ ಮತ್ತು ಮಾರಾಟಕ್ಕೆ ಅವಕಾಶ ಕೊಟ್ಟು, ಸಹಜ ಜಲಮೂಲಗಳಲ್ಲಿ ಬಿಡುವುದನ್ನು ಮಾತ್ರ ತಡೆಹಿಡಿದದ್ದು ಆ ವಾದಕ್ಕೆ ಬಲ ತಂದಿತು. ಪುಣೆಯಂಥ ನಗರಕ್ಕೆ ಇದು ಒಪ್ಪಬಹುದಾದ ಮಾತು. ಪ್ರತಿ ಹಳ್ಳಿಗೂ ಒಂದು ಕೆರೆಯಿದ್ದು, ರಾಸಾಯನಿಕದ ತೊಟ್ಟಿ ಒಂದೂ ಇಲ್ಲದ ಹಾನಗಲ್ ತಾಲ್ಲೂಕಿಗೆ ಅದು ಹೊಂದುವುದಿಲ್ಲ.

ಗಣಪತಿ ಹೋದ ಕೆಲವೇ ದಿನಗಳಲ್ಲಿ, ಭಾದ್ರಪದದ ಅಷ್ಟಮಿಗೆ, ಇದೇ ಊರುಗಳಿಗೆ ಎರಡನೆಯ ಮಣ್ಣಿನ ಅತಿಥಿ ಬರುತ್ತಾನೆ. ಜೋಕುಮಾರನಿಗೆ ಪಿಒಪಿಯ ಅಚ್ಚು ಇಲ್ಲ, ಶೆಡ್ಡಿನಲ್ಲಿ ಜಾಗವಿಲ್ಲ, ಅವನನ್ನು ಯಾರೂ ಮಾರುವುದೂ ಇಲ್ಲ, ಕೊಳ್ಳುವುದೂ ಇಲ್ಲ. ಕುಂಬಾರರ ಮನೆಯಲ್ಲಿ ಹುಟ್ಟಿದ ಅವನನ್ನು ಅಂಬಿಗೇರ, ಬಾರಿಕೇರ, ತಳವಾರ ಮನೆತನಗಳ ಹೆಣ್ಣುಮಕ್ಕಳು ಬೇವಿನ ಸೊಪ್ಪು ತುಂಬಿದ ಬುಟ್ಟಿಯಲ್ಲಿಟ್ಟುಕೊಂಡು, ಬಾಯಿಗೆ ಬೆಣ್ಣೆ ಮೆತ್ತಿ, ಹಾಡುತ್ತ ಮನೆಮನೆಗೆ ಹೋಗುತ್ತಾರೆ. ಮೊರದಲ್ಲಿ ಜೋಳವನ್ನೋ ಅಕ್ಕಿಯನ್ನೋ ತಂದು ಹಾಕಿದ ಮನೆಯವರಿಗೆ ಅವರು ಬುಟ್ಟಿಯಿಂದ ನಾಲ್ಕು ಬೇವಿನ ಎಲೆ ಕೊಡುತ್ತಾರೆ, ಅದು ಹೊಲಕ್ಕೆ ಚರಗವಾಗಿ ಹೋಗುತ್ತದೆ. ಏಳು ದಿನಗಳ ಆಯುಷ್ಯ ಮುಗಿದ ಹುಣ್ಣಿಮೆಯ ರಾತ್ರಿ ಅವನನ್ನು ಊರ ಹೊರಗೆ ಕೊಂದು ಹಳ್ಳದ ಅಗಸರ ಬಂಡೆಯ ಬಳಿ ಬಿಟ್ಟು, ತಿರುಗಿ ನೋಡದೆ ಬರುತ್ತಾರೆ. ಜನರ ನಂಬಿಕೆಯ ಪ್ರಕಾರ, ಇಬ್ಬರೂ ಭೂಮಿಯ ಸುದ್ದಿ ತರಲು ಶಿವ ಕಳಿಸಿದವರು: ಕಡಬು, ಮೋದಕ ಉಂಡು ಹೋದ ಗಣಪತಿ ಮೇಲೆ ಹೋಗಿ ಎಲ್ಲರೂ ಸುಖವಾಗಿದ್ದಾರೆಂದು ವರದಿ ಒಪ್ಪಿಸುತ್ತಾನೆ, ಮನೆಮನೆಯ ಮೊರದಲ್ಲಿ ಕಾಳು ಎಷ್ಟಿದೆಯೆಂದು ಕಂಡು ಹೋದ ಜೋಕುಮಾರ ಮಳೆ ಸಾಲದೆಂದು ಹೇಳುತ್ತಾನೆ.